ಸಕ್ಕರೆ ಕಾಯಿಲೆ ಪತ್ತೆಯಾದ ಮೇಲಿನ ಮೊದಲ ಮೂರು ತಿಂಗಳು: ರಕ್ತದ ಸಕ್ಕರೆಯನ್ನು ಹತೋಟಿಗೆ ತರುವ ಬಗೆ

ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದ ದಿನ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದು ನಡೆಯುತ್ತದೆ. ಒಂದೋ ಅಂದು ರಾತ್ರಿಯಿಂದಲೇ ಅನ್ನ ನಿಂತು, ಮುದ್ದೆ ಬಂದು, ಹಾಗಲಕಾಯಿ ರಸದ ಲೋಟ ಮೇಜಿಗೇರುತ್ತದೆ. ಇಲ್ಲವೇ ‘ಬಾರ್ಡರ್‌ನಲ್ಲಿದೆ ಅಷ್ಟೇ’ ಎಂಬ ಸಮಾಧಾನದೊಂದಿಗೆ ಲ್ಯಾಬಿನ ವರದಿ ಬೀರುವಿನೊಳಗೆ ಸೇರುತ್ತದೆ. ಮೊದಲನೆಯದು ಹದಿನೈದು ದಿನಕ್ಕೆ ಬೇಸರವಾಗಿ ನಿಂತುಹೋಗುತ್ತದೆ, ಎರಡನೆಯದು ಶುರುವೇ ಆಗುವುದಿಲ್ಲ. ಇವೆರಡರ ನಡುವೆ, ಒಂದೊಂದೇ ಬದಲಾವಣೆಯನ್ನು ಮಾಡಿ, ಅದು ತನ್ನ ದೇಹದಲ್ಲಿ ಏನು ಮಾಡಿತೆಂದು ಅಳೆದು ನೋಡುತ್ತಾ ಮುಂದುವರಿಯುವ ದಾರಿಯೊಂದಿದೆ. ಈ ಬರಹ ಆ ದಾರಿಯನ್ನು ಕ್ರಮವಾಗಿ ವಿವರಿಸುತ್ತದೆ.

ಇದು ಟೈಪ್ 2 ಮಧುಮೇಹ ಹೊಸದಾಗಿ ಪತ್ತೆಯಾದ ವಯಸ್ಕರಿಗಾಗಿ ಬರೆದದ್ದು. ಗರ್ಭಿಣಿಯರ ಗುರಿಗಳು ಬೇರೆ, ಹೆಚ್ಚು ಬಿಗಿಯಾದವು. ಮಕ್ಕಳಲ್ಲಿ, ಹದಿಹರೆಯದವರಲ್ಲಿ ಅಥವಾ ಕೆಲವೇ ವಾರಗಳಲ್ಲಿ ತೀರಾ ಸೊರಗಿಹೋದ ತೆಳ್ಳಗಿನ ಮೈಯವರಲ್ಲಿ ಸಕ್ಕರೆ ಹೆಚ್ಚಿದ್ದರೆ ಅದು ಟೈಪ್ 1 ಆಗಿರಬಹುದು. ಅವರಿಗೆ ಇನ್ಸುಲಿನ್ ತಡಮಾಡದೆ ಬೇಕಾಗುತ್ತದೆ, ಪಥ್ಯದ ಪ್ರಯೋಗ ಸಲ್ಲದು.

ಮೊದಲು ವರದಿಯನ್ನು ಸರಿಯಾಗಿ ಓದಿಕೊಳ್ಳಿ

ಕನಿಷ್ಠ ಎಂಟು ಗಂಟೆ ಏನೂ ತಿನ್ನದೆ ಕೊಟ್ಟ ರಕ್ತದಲ್ಲಿ ಸಕ್ಕರೆ ಡೆಸಿಲೀಟರಿಗೆ 100 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಸಹಜ (ಮುಂದಿನ ಸಕ್ಕರೆಯ ಸಂಖ್ಯೆಗಳೂ ಇದೇ ಅಳತೆಯಲ್ಲಿ), 100ರಿಂದ 125 ಮಧುಮೇಹದ ಹೊಸ್ತಿಲು, 126 ಅಥವಾ ಹೆಚ್ಚಾದರೆ ಮಧುಮೇಹ. ಎಚ್‌ಬಿಎ1ಸಿ ಎಂಬ ಪರೀಕ್ಷೆಯಲ್ಲಿ 5.7ರಿಂದ 6.4 ಶೇಕಡಾ ಹೊಸ್ತಿಲು, 6.5 ಅಥವಾ ಮೇಲಿನದು ಮಧುಮೇಹ. ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿಕೊಂಡಿದೆ ಎಂಬುದನ್ನು ಇದು ತೋರಿಸುತ್ತದೆ. ಆ ಕಣಗಳ ಆಯುಸ್ಸು ಸುಮಾರು 120 ದಿನ; ಆದ್ದರಿಂದ ಪರೀಕ್ಷೆಯ ಹಿಂದಿನ ಎರಡು–ಮೂರು ತಿಂಗಳ ಸರಾಸರಿ ಇದರಲ್ಲಿ ಸಿಗುತ್ತದೆ. ಲ್ಯಾಬಿಗೆ ಹೋಗುವ ಮುನ್ನಾ ನಾಲ್ಕು ದಿನ ಅರೆಹೊಟ್ಟೆ ಉಂಡು ಹೋಗುವವರನ್ನು, ಊಟದ ನಂತರದ ಪರೀಕ್ಷೆಗೆಂದು ಒಂದೇ ಇಡ್ಲಿ ತಿಂದು ಕಾಯುವವರನ್ನು ನೀವೂ ಕಂಡಿರಬಹುದು. ಎಚ್‌ಬಿಎ1ಸಿ ಮುಂದೆ ಆ ಜಾಣತನ ನಡೆಯುವುದಿಲ್ಲ.

ಹಾಗೆಂದು ಅದು ತಪ್ಪುವುದೇ ಇಲ್ಲವೆಂದೂ ಅಲ್ಲ. ಕಬ್ಬಿಣದ ಕೊರತೆಯಿಂದಾದ ರಕ್ತಹೀನತೆ ಇರುವವರಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚಾಗಿ ಕಾಣಬಹುದು, ಇತ್ತೀಚೆಗೆ ರಕ್ತಸ್ರಾವವಾದವರಲ್ಲಿ ಕಡಿಮೆಯಾಗಿ ಕಾಣಬಹುದು. ಆದ್ದರಿಂದ ಹಿಮೋಗ್ಲೋಬಿನ್ ಪ್ರಮಾಣವನ್ನೂ ಜೊತೆಯಲ್ಲೇ ನೋಡಿಸಿಕೊಳ್ಳುವುದು ಲೇಸು. ಅತಿ ದಾಹ, ಪದೇಪದೇ ಮೂತ್ರ, ಕಾರಣವಿಲ್ಲದೆ ತೂಕ ಇಳಿಯುವುದು ಮುಂತಾದ ಯಾವ ಲಕ್ಷಣವೂ ಇಲ್ಲದೆ ಒಂದೇ ಪರೀಕ್ಷೆಯಲ್ಲಿ ಸಂಖ್ಯೆ ಮೇಲಿದ್ದರೆ, ಇನ್ನೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು. ಆದರೆ ಸಕ್ಕರೆ 300 ದಾಟಿದ್ದು, ಜೊತೆಗೆ ವಾಂತಿ, ಹೊಟ್ಟೆನೋವು, ಮಂಪರು ಅಥವಾ ದೀರ್ಘವಾದ ಏದುಸಿರು ಇದ್ದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಬಹುಪಾಲು ವಯಸ್ಕರಿಗೆ ಗುರಿ ಇಷ್ಟು: ಊಟಕ್ಕೆ ಮುಂಚೆ 80ರಿಂದ 130, ಊಟ ಆರಂಭಿಸಿದ ಎರಡು ಗಂಟೆಗೆ 180ರೊಳಗೆ, ಎಚ್‌ಬಿಎ1ಸಿ 7ರೊಳಗೆ. ಎಪ್ಪತ್ತೈದು ದಾಟಿದ, ಹೃದಯದ ಕಾಯಿಲೆಯೂ ಇರುವ ಅಜ್ಜನಿಗೆ ವೈದ್ಯರು 8ರವರೆಗೂ ಸಾಕೆನ್ನಬಹುದು. ನಿಮ್ಮ ಗುರಿ ಯಾವುದೆಂದು ಮೊದಲ ಭೇಟಿಯಲ್ಲೇ ಕೇಳಿ ಬರೆದುಕೊಳ್ಳಿ.

ಗ್ಲುಕೋಮೀಟರ್ ಮತ್ತು ಒಂದು ನೋಟ್‌ಬುಕ್

ಮಾತ್ರೆಯ ನಂತರ ಹಣ ಹಾಕಬೇಕಾದ ಮೊದಲ ವಸ್ತು ಗ್ಲುಕೋಮೀಟರ್. ಕೊಳ್ಳುವಾಗ ಯಂತ್ರದ ಬೆಲೆಗಿಂತ ಪಟ್ಟಿಗಳ, ಅಂದರೆ ಸ್ಟ್ರಿಪ್‌ಗಳ ಬೆಲೆ ಕೇಳಿ. ಖರ್ಚು ನಿಲ್ಲದೆ ಬರುವುದು ಅಲ್ಲಿಂದ. ಲ್ಯಾಬಿನ ಸಂಖ್ಯೆಗೂ ಮನೆಯ ಸಂಖ್ಯೆಗೂ ಶೇಕಡಾ 15ರವರೆಗಿನ ಅಂತರ ಈ ಯಂತ್ರಗಳಿಗೆ ಒಪ್ಪಿತವಾದದ್ದು, ಅದಕ್ಕಾಗಿ ಗಾಬರಿ ಬೇಡ.

ಚುಚ್ಚುವ ಮೊದಲು ಕೈಯನ್ನು ಸೋಪಿನಿಂದ ತೊಳೆದು ಪೂರ್ತಿ ಒರೆಸಿಕೊಳ್ಳಬೇಕು. ಮಾವಿನಹಣ್ಣು ಹೆಚ್ಚಿದ ಕೈಯನ್ನು ಪಂಚೆಗೆ ಒರೆಸಿಕೊಂಡು ಪರೀಕ್ಷಿಸಿದರೆ, ಯಂತ್ರವು ರಕ್ತದ ಸಕ್ಕರೆಯ ಜೊತೆಗೆ ಬೆರಳಿಗಂಟಿದ ಮಾವಿನ ಸಕ್ಕರೆಯನ್ನೂ ಸೇರಿಸಿ ಎಣಿಸುತ್ತದೆ. ಬೆರಳಿನ ತುದಿಯ ನಡುಭಾಗಕ್ಕಿಂತ ಪಕ್ಕದಲ್ಲಿ ಚುಚ್ಚಿದರೆ ನೋವು ಕಡಿಮೆ. ಹನಿ ಬಾರದಿದ್ದರೆ ಕೈಯನ್ನು ಕೆಳಗಿಳಿಸಿ ಜೋತುಬಿಡಿ, ಹಿಂಡಬೇಡಿ. ಪಟ್ಟಿಗಳ ಡಬ್ಬಿಯ ಮುಚ್ಚಳವನ್ನು ಆಗಿಂದಾಗ್ಗೆ ಮುಚ್ಚದಿದ್ದರೆ ಮಲೆನಾಡಿನ, ಕರಾವಳಿಯ ಮಳೆಗಾಲದ ತೇವಕ್ಕೆ ಅವು ಕೆಡುತ್ತವೆ.

ಪರೀಕ್ಷೆಯನ್ನು ಜೋಡಿಯಾಗಿ ಮಾಡುವುದು ಇಲ್ಲಿನ ಮುಖ್ಯ ಉಪಾಯ. ತಿಂಡಿಯ ಮೊದಲ ತುತ್ತಿಗೆ ಮುಂಚೆ ಒಂದು ಸಲ, ಆ ತುತ್ತಿನಿಂದ ಲೆಕ್ಕ ಹಾಕಿ ಸರಿಯಾಗಿ ಎರಡು ಗಂಟೆಗೆ ಇನ್ನೊಂದು ಸಲ. ಎರಡರ ನಡುವಿನ ವ್ಯತ್ಯಾಸವೇ ಆ ತಿಂಡಿಯ ಗುಣವನ್ನು ಹೇಳುತ್ತದೆ. ಮುಂಚೆ 130 ಇದ್ದು ನಂತರ 165 ಆದರೆ ಆ ತಿಂಡಿ ನಿಮಗೆ ಒಗ್ಗಿತು. 130 ಇದ್ದದ್ದು 235 ಆದರೆ ಅದರ ಪ್ರಮಾಣವನ್ನೋ ಜೊತೆಗಾರ ಪದಾರ್ಥವನ್ನೋ ಬದಲಿಸಬೇಕು. ದಿನಕ್ಕೊಂದು ಜೋಡಿ ಸಾಕು: ಮೊದಲ ವಾರ ತಿಂಡಿ, ಎರಡನೆಯ ವಾರ ಮಧ್ಯಾಹ್ನದ ಊಟ, ಮೂರನೆಯ ವಾರ ರಾತ್ರಿಯದು. ನೋಟ್‌ಬುಕ್ಕಿನಲ್ಲಿ ಸಂಖ್ಯೆಯ ಪಕ್ಕ ತಿಂದದ್ದನ್ನು ಅಳತೆ ಸಮೇತ ಬರೆಯಿರಿ. ‘ಇಡ್ಲಿ’ ಎಂದರೆ ಸಾಲದು. ಎಷ್ಟು ಇಡ್ಲಿ, ತಟ್ಟೆ ಇಡ್ಲಿಯೋ ಸಣ್ಣದೋ, ಸಾಂಬಾರಿನಲ್ಲಿ ಬೇಳೆ ಇತ್ತೋ ಇಲ್ಲವೋ ಎಂಬುದೂ ಬೇಕು.

ಬೆಳಗಿನ ಖಾಲಿಹೊಟ್ಟೆಯ ಸಂಖ್ಯೆ ಹಿಂದಿನ ರಾತ್ರಿಯದಕ್ಕಿಂತ ಹೆಚ್ಚಿರುವುದನ್ನು ಕಂಡು ಹಲವರು ದಿಗಿಲುಬೀಳುತ್ತಾರೆ. ನಸುಕಿನಲ್ಲಿ ದೇಹದ ಕೆಲವು ಹಾರ್ಮೋನುಗಳು ಏರಿ, ಯಕೃತ್ತು ತನ್ನಲ್ಲಿನ ಸಕ್ಕರೆಯನ್ನು ರಕ್ತಕ್ಕೆ ಬಿಡುವುದು ಇದಕ್ಕೆ ಕಾರಣ. ರಾತ್ರಿ ಉಪವಾಸ ಮಲಗಿದರೆ ಇದು ಸರಿಹೋಗುವುದಿಲ್ಲ. ಎಲ್ಲ ಅಂಕಣಗಳಿಗಿಂತ ನಿಧಾನವಾಗಿ ಇಳಿಯುವುದು ಸಾಮಾನ್ಯವಾಗಿ ಈ ಅಂಕಣವೇ.

ಅಡುಗೆಮನೆ: ಅನ್ನವೋ ಮುದ್ದೆಯೋ ಎಂಬ ಹಳೆಯ ಪ್ರಶ್ನೆ

‘ಅನ್ನ ಬಿಟ್ಟು ಮುದ್ದೆ ತಿನ್ನಿ’ ಎಂಬ ಸಲಹೆ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಸಕ್ಕರೆ ಕಾಯಿಲೆಯವರು ಮುದ್ದೆಯನ್ನು ಲೆಕ್ಕವಿಲ್ಲದೆ ತಿನ್ನಬಹುದು ಎಂಬ ಅರ್ಥವೇ ಅದಕ್ಕೆ ಬಂದುಬಿಟ್ಟಿದೆ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್ ಇದ್ದರೆ, ನೂರು ಗ್ರಾಂ ರಾಗಿಯಲ್ಲಿ ಸುಮಾರು 67ರಿಂದ 70 ಗ್ರಾಂ ಇರುತ್ತದೆ. ರಾಗಿಯಲ್ಲಿ ನಾರು ಹೆಚ್ಚು, ಕ್ಯಾಲ್ಸಿಯಂ ಧಾರಾಳ. ಆ ಮಟ್ಟಿಗೆ ಅದು ಮೇಲು. ಆದರೆ ನಮ್ಮ ಮನೆಯಲ್ಲಿ ಒಂದು ದಿನ, ಒಂದು ಮುದ್ದೆಗೆ ಹಿಡಿಯುವ ಹಿಟ್ಟನ್ನು ಮುಂಚೆಯೇ ತಕ್ಕಡಿಯಲ್ಲಿಟ್ಟು ನೋಡಿದಾಗ ಮುಳ್ಳು 110 ಗ್ರಾಂ ತೋರಿಸಿತು. ಎರಡು ಮುದ್ದೆ ಉಂಡರೆ, ಸುಮಾರು 190 ಗ್ರಾಂ ಅಕ್ಕಿಯ ಅನ್ನ ಉಂಡಷ್ಟೇ ಪಿಷ್ಟ ಹೊಟ್ಟೆಗೆ ಹೋಗಿರುತ್ತದೆ. ರಾಗಿ ಅಂಬಲಿ, ಮಾಲ್ಟ್‌ಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ನುಣುಪಾದ ಹಿಟ್ಟು ನೀರಿನಲ್ಲಿ ಬೆಂದು, ಅಗಿಯುವ ಕೆಲಸವೂ ಇಲ್ಲದೆ ಇಳಿಯುವುದರಿಂದ ಸಕ್ಕರೆ ಬೇಗ ಏರುತ್ತದೆ.

ಆದ್ದರಿಂದ ಧಾನ್ಯವನ್ನು ಬದಲಿಸುವುದಕ್ಕೂ ಮುಂಚೆ ಅದರ ಅಳತೆಯನ್ನು ಬದಲಿಸಿ. ತಟ್ಟೆಯ ಅರ್ಧಭಾಗಕ್ಕೆ ತರಕಾರಿ, ಸೊಪ್ಪು. ಕಾಲುಭಾಗಕ್ಕೆ ಬೇಳೆ, ಕಾಳು, ಮೊಟ್ಟೆ, ಮೀನು, ಕೋಳಿ ಅಥವಾ ಗಟ್ಟಿ ಮೊಸರು. ಉಳಿದ ಕಾಲುಭಾಗಕ್ಕೆ ಅನ್ನವೋ ಮುದ್ದೆಯೋ ರೊಟ್ಟಿಯೋ, ನಿಮ್ಮೂರಿನ ಯಾವುದೋ ಅದು. ಹಳೇ ಮೈಸೂರಿನವರಿಗೆ ಚಿಕ್ಕ ಮುದ್ದೆಯ ಜೊತೆ ಬಸ್ಸಾರು, ಅದರದೇ ಸೊಪ್ಪು–ಕಾಳಿನ ಪಲ್ಯ ಎರಡು ಸೌಟು ಹೆಚ್ಚಿಗೆ. ಉತ್ತರ ಕರ್ನಾಟಕದವರಿಗೆ ಎರಡು ಜೋಳದ ರೊಟ್ಟಿ, ಮಡಕೆಕಾಳು ಪಲ್ಯ, ಹಸಿ ಸೌತೆ–ಮೂಲಂಗಿ. ಕರಾವಳಿಯವರಿಗೆ ಕಡಿಮೆ ಕುಚ್ಚಲಕ್ಕಿ ಅನ್ನಕ್ಕೆ ಮೀನಿನ ಸಾರು, ಹರಿವೆ ಸೊಪ್ಪು. ಆಲೂಗೆಡ್ಡೆ, ಗೆಣಸು, ಮರಗೆಣಸು ತರಕಾರಿಯ ಅಂಗಡಿಯಲ್ಲಿ ಸಿಕ್ಕರೂ ತಟ್ಟೆಯಲ್ಲಿ ಅನ್ನದ ಪಾಲಿಗೆ ಸೇರಬೇಕಾದವು.

ತಿನ್ನುವ ಅನುಕ್ರಮಕ್ಕೂ ಬೆಲೆಯಿದೆ. ತರಕಾರಿಯನ್ನೂ ಕಾಳನ್ನೂ ಮೊದಲು ತಿಂದು ಅನ್ನವನ್ನು ಕೊನೆಗೆ ತಿಂದಾಗ, ಅದೇ ಊಟಕ್ಕೆ ಸಕ್ಕರೆ ಏರುವ ಎತ್ತರ ತಗ್ಗುವುದನ್ನು ಅಧ್ಯಯನಗಳು ತೋರಿಸಿವೆ. ನಮ್ಮ ಬಾಳೆಲೆಯ ಊಟದಲ್ಲಿ ಕೋಸಂಬರಿ, ಪಲ್ಯಗಳು ಅನ್ನಕ್ಕಿಂತ ಮುಂಚೆಯೇ ಬರುತ್ತವೆ. ಆದರೆ ಅವುಗಳನ್ನು ಬೆರಳ ತುದಿಯಷ್ಟು ಬಡಿಸಿಕೊಂಡು ಅನ್ನಕ್ಕಾಗಿ ಕಾಯುವುದು ನಮ್ಮ ರೂಢಿ. ಹೆಸರುಬೇಳೆ ಕೋಸಂಬರಿಯನ್ನು ಒಂದು ಬಟ್ಟಲು ಹಾಕಿಸಿಕೊಂಡು ಖಾಲಿ ಮಾಡಿದ ಮೇಲೆ ಅನ್ನ ಕೇಳಿದರೆ ಸಾಕು.

ನನ್ನ ದೃಷ್ಟಿಯಲ್ಲಿ ಕನ್ನಡಿಗರ ನಿಜವಾದ ತೊಡಕು ಇರುವುದು ಬೆಳಗಿನ ತಿಂಡಿಯಲ್ಲಿ. ಇಡ್ಲಿ, ದೋಸೆ, ಉಪ್ಪಿಟ್ಟು, ಚಿತ್ರಾನ್ನ, ಅವಲಕ್ಕಿ, ಅಕ್ಕಿ ರೊಟ್ಟಿ, ಶಾವಿಗೆ, ಯಾವುದನ್ನು ನೋಡಿದರೂ ಪಿಷ್ಟವೇ ಪ್ರಧಾನ, ಜೊತೆಗೆ ಸಕ್ಕರೆ ಹಾಕಿದ ಕಾಫಿ. ಬಹಳ ಜನರ ನೋಟ್‌ಬುಕ್ಕಿನಲ್ಲಿ ದಿನದ ಅತಿ ದೊಡ್ಡ ಏರಿಕೆ ಕಾಣುವುದೂ ಇಲ್ಲೇ. ಪ್ರಯೋಗವನ್ನು ಇಲ್ಲಿಂದ ಆರಂಭಿಸಿ. ನಾಲ್ಕು ಇಡ್ಲಿಯ ಬದಲು ಎರಡು ಇಡ್ಲಿ, ಒಂದು ಬಟ್ಟಲು ಮೊಳಕೆ ಹೆಸರುಕಾಳಿನ ಉಸಲಿ ಅಥವಾ ಎರಡು ಬೇಯಿಸಿದ ಮೊಟ್ಟೆ. ರವೆಯ ಅಳತೆಯಷ್ಟೇ ಬೀನ್ಸ್, ಕ್ಯಾರೆಟ್, ಬಟಾಣಿ ಬಿದ್ದ ಉಪ್ಪಿಟ್ಟು. ಅಕ್ಕಿ ದೋಸೆಯ ಜಾಗದಲ್ಲಿ ಪೆಸರಟ್ಟು. ಎರಡು ದಿನ ಹಳೆಯ ಬಗೆ, ಎರಡು ದಿನ ಹೊಸ ಬಗೆ ತಿಂದು ನಾಲ್ಕು ಜೋಡಿ ಸಂಖ್ಯೆಗಳನ್ನು ಅಕ್ಕಪಕ್ಕ ಬರೆದರೆ, ಆಮೇಲೆ ಮನೆಯವರ ಜೊತೆ ವಾದ ಮಾಡುವ ಅಗತ್ಯ ಉಳಿಯುವುದಿಲ್ಲ.

ಕಾಫಿಯ ಲೆಕ್ಕ ಸರಳ. ಒಂದು ಟೀ ಚಮಚ ಸಕ್ಕರೆ ಸುಮಾರು ಐದು ಗ್ರಾಂ. ಎರಡು ಚಮಚ ಹಾಕಿದ ನಾಲ್ಕು ಲೋಟ ಕುಡಿದರೆ ದಿನಕ್ಕೆ 40 ಗ್ರಾಂ. ವಾರಕ್ಕೆ ಅರ್ಧ ಚಮಚದಂತೆ ಇಳಿಸುತ್ತಾ ಬಂದರೆ ತಿಂಗಳೊಪ್ಪತ್ತಿನಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ಬೆಲ್ಲ, ಜೇನುತುಪ್ಪ, ಜೋನಿಬೆಲ್ಲಗಳು ರಕ್ತದ ಮಟ್ಟಿಗೆ ಸಕ್ಕರೆಯ ಬಂಧುಗಳೇ; ‘ಬೆಲ್ಲದ ಕಾಫಿ, ಪರವಾಗಿಲ್ಲ’ ಎಂಬುದು ಉಪಚಾರದ ಮಾತು. ಹಣ್ಣನ್ನು ಬಿಡಬೇಕಿಲ್ಲ. ಸೀಬೆ, ಪಪ್ಪಾಯ, ಕಿತ್ತಳೆ, ನೇರಳೆ ದಿನಕ್ಕೆ ಒಂದು ಬಟ್ಟಲು ಇರಲಿ, ಊಟದ ಮೇಲೆಯೇ ತಿನ್ನದೆ ನಡುವೆ ತಿನ್ನಿ. ಮಾವು, ಹಲಸಿನ ಕಾಲದಲ್ಲಿ ಎರಡು ಹೋಳು, ಮೂರು ತೊಳೆ ಎಂದು ಎಣಿಸಿ ತಿನ್ನಬಹುದು. ಯಾವ ಹಣ್ಣಾದರೂ ರಸ ಬೇಡ.

ಊಟದ ನಂತರದ ಹದಿನೈದು ನಿಮಿಷ

ದುಡಿಯುವ ಸ್ನಾಯು ಇನ್ಸುಲಿನ್‌ನ ನೆರವಿಗೆ ಕಾಯದೆಯೇ ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಆ ಕಾರಣಕ್ಕೆ ಬೆಳಗ್ಗೆ ಪಾರ್ಕಿನಲ್ಲಿ ಒಂದು ಗಂಟೆ ನಡೆಯುವವರಿಗೂ, ಊಟವಾದ ಅರ್ಧ ಗಂಟೆಯೊಳಗೆ ಹತ್ತು–ಹದಿನೈದು ನಿಮಿಷ ನಡೆದರೆ ಬೇರೆಯದೇ ಲಾಭವಿದೆ. ಮಹಡಿಯ ಮೇಲಾದರೂ, ಓಣಿಯಲ್ಲಾದರೂ ಸರಿ. ಇದನ್ನೂ ಜೋಡಿ ಪರೀಕ್ಷೆಯಲ್ಲಿ ನೋಡಿ: ಅದೇ ಊಟ, ಒಂದು ದಿನ ಉಂಡು ಕುಳಿತು, ಇನ್ನೊಂದು ದಿನ ಉಂಡು ನಡೆದು.

ವಾರಕ್ಕೆ ಒಟ್ಟು 150 ನಿಮಿಷ, ಮಾತಾಡಬಹುದಾದರೂ ಹಾಡಲಾಗದಷ್ಟು ಬಿರುಸಿನ ನಡಿಗೆ ಎಲ್ಲರಿಗೂ ಹೇಳುವ ಗುರಿ. ಅದರ ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯು ಬಲಪಡಿಸುವ ಕೆಲಸ ಬೇಕು. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು ಆರಂಭಕ್ಕೆ ಸಾಕು. ಎದೆನೋವು, ಮೆಟ್ಟಿಲು ಹತ್ತುವಾಗ ಅತಿ ಆಯಾಸ ಇರುವವರು ಮೊದಲು ಹೃದಯದ ಪರೀಕ್ಷೆ ಮಾಡಿಸಿಕೊಳ್ಳಬೇಕು.

ದಪ್ಪ ಮೈಯವರಿಗೆ ತೂಕ ಇಳಿಸುವುದು ಔಷಧಕ್ಕೆ ಸಮನಾದ ಚಿಕಿತ್ಸೆ. ಬ್ರಿಟನ್ನಿನ ಡೈರೆಕ್ಟ್ ಎಂಬ ಅಧ್ಯಯನದಲ್ಲಿ, ಕಾಯಿಲೆ ಪತ್ತೆಯಾಗಿ ಆರು ವರ್ಷ ಮೀರದವರ ಪೈಕಿ ವೈದ್ಯರ ನಿಗಾದಲ್ಲಿ ಕಟ್ಟುನಿಟ್ಟಾಗಿ ತೂಕ ಇಳಿಸಿದ ಗುಂಪಿನ ಶೇಕಡಾ 46ರಷ್ಟು ಮಂದಿ, ಒಂದು ವರ್ಷದ ಹೊತ್ತಿಗೆ ಮಾತ್ರೆಯಿಲ್ಲದೆ ಮಧುಮೇಹದ ಮಟ್ಟಕ್ಕಿಂತ ಕೆಳಗಿದ್ದರು. ಹೊಸದಾಗಿ ಪತ್ತೆಯಾದವರಿಗೆ ಈ ಅವಕಾಶ ಹೆಚ್ಚು ಎಂಬುದು ಗಮನಿಸಬೇಕಾದ ಅಂಶ.

ಮಾತ್ರೆಗಳು, ಮತ್ತು ಸಕ್ಕರೆ ತಗ್ಗಿದಾಗ

ಬಹುತೇಕರಿಗೆ ಮೊದಲು ಬರೆದುಕೊಡುವುದು ಮೆಟ್‌ಫಾರ್ಮಿನ್. ಯಕೃತ್ತು ಸಕ್ಕರೆ ಬಿಡುವುದನ್ನು ಇದು ತಗ್ಗಿಸುತ್ತದೆ. ಊಟದ ಜೊತೆಗೇ ತೆಗೆದುಕೊಂಡರೆ, ಮೊದಲ ವಾರಗಳ ಹೊಟ್ಟೆಯುಬ್ಬರ, ಭೇದಿಗಳು ಕಡಿಮೆಯಿರುತ್ತವೆ. ಆದರೂ ನಿಲ್ಲದಿದ್ದರೆ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗೆ ಬದಲಿಸುವಂತೆ ಕೇಳಿ. ಅಂಥ ಮಾತ್ರೆಯನ್ನು ಮುರಿಯಬಾರದು, ಜಗಿಯಬಾರದು. ಅದರ ಖಾಲಿ ಕವಚ ಮಲದಲ್ಲಿ ಕಂಡರೆ ಔಷಧ ಹಾಗೇ ಹೊರಬಂತೆಂದು ತಿಳಿಯಬೇಡಿ. ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ವಿಟಮಿನ್ ಬಿ12 ತಗ್ಗಬಹುದಾದ್ದರಿಂದ ಆಗಾಗ ಪರೀಕ್ಷೆ ಬೇಕು, ಸಸ್ಯಾಹಾರಿಗಳಿಗಂತೂ ಖಂಡಿತ. ‘ಶುಗರ್ ಮಾತ್ರೆಯಿಂದ ಕಿಡ್ನಿ ಹೋಗುತ್ತದೆ’ ಎಂಬ ಮಾತು ಊರೆಲ್ಲ ಓಡಾಡುತ್ತಿದೆ. ಕಿಡ್ನಿಗೆ ಹಾನಿ ಮಾಡುವುದು ಹತೋಟಿ ತಪ್ಪಿದ ಸಕ್ಕರೆ ಮತ್ತು ರಕ್ತದೊತ್ತಡ. ಕಿಡ್ನಿ ಆಗಲೇ ಬಹಳ ದುರ್ಬಲವಾಗಿದ್ದರೆ ಮೆಟ್‌ಫಾರ್ಮಿನ್ ಕೊಡುವುದಿಲ್ಲ ಎಂಬ ನಿಯಮವೇ ತಿರುಚಿಕೊಂಡು ಈ ಮಾತಾಗಿರಬೇಕು.

ಹಿತ್ತಿಲಿನ ಇನ್ಸುಲಿನ್ ಗಿಡದ ಎಲೆಯಲ್ಲಿ ಇನ್ಸುಲಿನ್ ಇಲ್ಲ. ಇದ್ದಿದ್ದರೂ ಜಠರದಲ್ಲೇ ಜೀರ್ಣವಾಗುತ್ತಿತ್ತು. ಚುಚ್ಚಿಕೊಳ್ಳುವ ಪಾಡು ಇರುವುದೇ ಅದಕ್ಕೆ. ಮೆಂತ್ಯ, ಹಾಗಲ ಊಟದ ಭಾಗವಾಗಿ ಇರಲಿ, ಆದರೆ ಅವುಗಳನ್ನು ನಂಬಿ ಮಾತ್ರೆ ನಿಲ್ಲಿಸಬೇಡಿ. ಹಣದ ಚಿಂತೆಯಿದ್ದರೆ ಸರ್ಕಾರಿ ಆಸ್ಪತ್ರೆಗಳ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್‌ನಲ್ಲಿ ವಿಚಾರಿಸಿ. ಜನೌಷಧಿ ಕೇಂದ್ರಗಳಲ್ಲೂ ಮಾತ್ರೆಗಳು ಅಗ್ಗ.

ದೇಹದ ಇನ್ಸುಲಿನ್ ಹೆಚ್ಚಿಸುವ ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ತಪ್ಪಿಸಿದರೆ ಸಕ್ಕರೆ 70ಕ್ಕಿಂತ ಕೆಳಗೆ ಬೀಳಬಹುದು. ತಣ್ಣನೆಯ ಬೆವರು, ಕೈನಡುಕ, ಎದೆಬಡಿತ, ತಡೆಯಲಾಗದ ಹಸಿವು, ತಡವರಿಸುವ ಮಾತು ಇದರ ಗುರುತು. ಕೂಡಲೇ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು, 15 ನಿಮಿಷ ಬಿಟ್ಟು ಪರೀಕ್ಷಿಸಬೇಕು, ಇನ್ನೂ ಕೆಳಗಿದ್ದರೆ ಮತ್ತೊಮ್ಮೆ ಕುಡಿಯಬೇಕು, ಆಮೇಲೆ ಊಟ ಮಾಡಬೇಕು. ಪೇಡ, ಲಾಡು, ಚಾಕೊಲೇಟುಗಳ ಜಿಡ್ಡು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ, ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಕರೆ ಮಾಡಿ.

ಬಹುಕಾಲ 300ರಲ್ಲಿದ್ದ ದೇಹಕ್ಕೆ 120ಕ್ಕೆ ಇಳಿದಾಗಲೂ ಇದೇ ನಡುಕ ಬರಬಹುದು. ಆಗ ಯಂತ್ರದಲ್ಲಿ ನೋಡಿ, 100ರ ಮೇಲಿದ್ದರೆ ಸುಮ್ಮನೆ ಕುಳಿತುಕೊಳ್ಳಿ. ಕೆಲವು ವಾರಗಳಲ್ಲಿ ಅದು ಹೋಗುತ್ತದೆ. ಸಕ್ಕರೆ ಇಳಿಯತೊಡಗಿದಾಗ ಕಣ್ಣಿನ ಮಸೂರದ ನೀರಿನಂಶ ಬದಲಾಗಿ ದೃಷ್ಟಿ ಮಂಜಾಗುವುದೂ ಉಂಟು. ಆ ಹೊತ್ತಿಗೆ ಹೊಸ ಕನ್ನಡಕ ಮಾಡಿಸಿದರೆ ಎರಡು ತಿಂಗಳಿಗೆ ಅದು ಹೊಂದದೆ ಹೋಗುತ್ತದೆ.

ಕಣ್ಣು, ಕಿಡ್ನಿ, ಪಾದ

ಟೈಪ್ 2 ಪತ್ತೆಯಾಗುವ ವೇಳೆಗೆ ಅದು ಎಷ್ಟೋ ವರ್ಷ ಸದ್ದಿಲ್ಲದೆ ಇದ್ದಿರಬಹುದು. ಅದಕ್ಕೇ ಮೊದಲ ಮೂರು ತಿಂಗಳೊಳಗೆ ಕಣ್ಣಿಗೆ ಔಷಧ ಬಿಟ್ಟು ಮಾಡುವ ಅಕ್ಷಿಪಟಲದ ಪರೀಕ್ಷೆ, ಕಿಡ್ನಿಯ ಸ್ಥಿತಿ ತಿಳಿಯಲು ಮೂತ್ರದಲ್ಲಿ ಅಲ್ಬುಮಿನ್ ಮತ್ತು ರಕ್ತದಲ್ಲಿ ಕ್ರಿಯಾಟಿನಿನ್, ಕೊಲೆಸ್ಟರಾಲ್, ರಕ್ತದೊತ್ತಡ ಇವಿಷ್ಟನ್ನೂ ನೋಡಿಸಬೇಕು, ಆಮೇಲೆ ವರ್ಷಕ್ಕೊಮ್ಮೆ. ರಕ್ತದೊತ್ತಡವಂತೂ ಪ್ರತಿ ಭೇಟಿಯಲ್ಲೂ ನೋಡಬೇಕಾದದ್ದು. ಅದರ ಗುರಿ ಸಾಮಾನ್ಯವಾಗಿ 130/80ರೊಳಗೆ. ಬೀಡಿ, ಸಿಗರೇಟು, ಹೊಗೆಸೊಪ್ಪು ಇದ್ದರೆ ಬಿಡಲೇಬೇಕು.

ಪಾದವನ್ನು ದಿನಾ ಮಲಗುವ ಮುನ್ನ ನೋಡಿಕೊಳ್ಳಿ; ಬಗ್ಗಲಾಗದವರು ನೆಲದ ಮೇಲೆ ಕನ್ನಡಿಯಿಟ್ಟುಕೊಳ್ಳಬಹುದು. ಸ್ಪರ್ಶ ಕುಂದಿದ ಅಂಗಾಲಿಗೆ ಬೇಸಿಗೆಯ ಮಧ್ಯಾಹ್ನದ ದೇವಸ್ಥಾನದ ಕಲ್ಲುಹಾಸು ಬೊಬ್ಬೆ ಎಬ್ಬಿಸಿದರೂ ಗೊತ್ತಾಗುವುದಿಲ್ಲ. ದರ್ಶನವನ್ನು ಬೆಳಗಿನ ಹೊತ್ತಿಗಿಟ್ಟುಕೊಳ್ಳಿ, ಇಲ್ಲವೇ ದಪ್ಪ ಕಾಲುಚೀಲ ಹಾಕಿಕೊಳ್ಳಿ. ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ.

ಜ್ವರ, ಉಪವಾಸ, ಹಬ್ಬ

ಜ್ವರ ಬಂದಾಗ ಊಟ ಕಡಿಮೆಯಾದರೂ ಸಕ್ಕರೆ ಏರುತ್ತದೆ. ಹೆಚ್ಚು ಸಲ ಪರೀಕ್ಷಿಸಿ, ನೀರು ಕುಡಿಯುತ್ತಿರಿ. ವಾಂತಿ–ಭೇದಿಯಾಗಿ ದೇಹ ಒಣಗುತ್ತಿದ್ದರೆ ಮೆಟ್‌ಫಾರ್ಮಿನ್, ಮೂತ್ರದ ಮೂಲಕ ಸಕ್ಕರೆ ಹೊರಹಾಕುವ ಡಪಾಗ್ಲಿಫ್ಲೋಜಿನ್‌ನಂಥ ಮಾತ್ರೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದು, ಅದೇ ದಿನ ವೈದ್ಯರಿಗೆ ಫೋನ್ ಮಾಡಿ ಕೇಳಿ. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ತಾವಾಗಿ ನಿಲ್ಲಿಸಬಾರದು. ಮಂಡಿನೋವಿಗೋ ಕೆಮ್ಮಿಗೋ ಬೇರೆ ವೈದ್ಯರ ಬಳಿ ಹೋದಾಗಲೂ ಕಾಯಿಲೆಯನ್ನು ತಿಳಿಸಿ. ಸ್ಟೀರಾಯ್ಡ್ ಕೊಟ್ಟರೆ ಸಕ್ಕರೆ ಜಿಗಿಯುತ್ತದೆ.

ಏಕಾದಶಿಯ ಫಲಾಹಾರವೆಂದು ಅವಲಕ್ಕಿ, ಉಪ್ಪಿಟ್ಟು, ಸಾಬಕ್ಕಿ ತಿನ್ನುವ ಪದ್ಧತಿ ಇರುವ ಮನೆಗಳಲ್ಲಿ ಉಪವಾಸದ ದಿನವೇ ಸಕ್ಕರೆ ಹೆಚ್ಚು ಕಾಣುವುದುಂಟು. ರಂಜಾನ್ ಉಪವಾಸ ಇಡುವವರು ತಿಂಗಳೆರಡು ಮುಂಚೆಯೇ ಮಾತ್ರೆಗಳ ವೇಳೆಯನ್ನು ವೈದ್ಯರೊಂದಿಗೆ ಹೊಂದಿಸಿಕೊಳ್ಳಬೇಕು. 70ಕ್ಕಿಂತ ಇಳಿದರೆ ಉಪವಾಸ ಮುರಿಯಬೇಕು. ಯುಗಾದಿಯ ಹೋಳಿಗೆಯನ್ನು ಅರ್ಧ ತಿನ್ನಿ, ಆ ದಿನದ ಅನ್ನವನ್ನು ಬಿಡಿ, ಕೋಸಂಬರಿ ಹೆಚ್ಚು ಹಾಕಿಸಿಕೊಳ್ಳಿ, ಮತ್ತು ಎರಡು ಗಂಟೆಯ ಸಂಖ್ಯೆಯನ್ನು ಎಷ್ಟೇ ಇದ್ದರೂ ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಹನ್ನೆರಡನೆಯ ವಾರ

ಈಗ ಎರಡನೆಯ ಎಚ್‌ಬಿಎ1ಸಿ ಮಾಡಿಸಿ. ವೈದ್ಯರ ಬಳಿಗೆ ವರದಿಯೊಂದನ್ನೇ ಅಲ್ಲದೆ ನೋಟ್‌ಬುಕ್ಕನ್ನೂ ಒಯ್ಯಿರಿ. ಬೆಳಗಿನ ಅಂಕಣ ಮಾತ್ರ ಮೇಲಿದೆಯೋ, ಊಟದ ನಂತರದ್ದು ಮಾತ್ರ ಮೇಲಿದೆಯೋ ಎಂಬುದರ ಮೇಲೆ ಮುಂದಿನ ಔಷಧದ ಆಯ್ಕೆ ನಿಲ್ಲುತ್ತದೆ. ಅದು ಎಚ್‌ಬಿಎ1ಸಿಯ ಒಂಟಿ ಸಂಖ್ಯೆಯಲ್ಲಿ ಕಾಣುವುದಿಲ್ಲ. 7ರೊಳಗೆ ಬಂದಿದ್ದರೆ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಕಡಿಮೆ ಮಾಡಬಹುದೇ ಎಂದು ಕೇಳಿ. ವೈದ್ಯರು ನಿಲ್ಲಿಸಿದ ಮೇಲೆ ಕನಿಷ್ಠ ಮೂರು ತಿಂಗಳು 6.5ಕ್ಕಿಂತ ಕೆಳಗಿದ್ದರೆ ಅದನ್ನು ಉಪಶಮನ ಎನ್ನುತ್ತಾರೆ. ಆಗಲೂ ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ತಪ್ಪಿಸುವಂತಿಲ್ಲ. ಇಳಿಯದಿದ್ದರೆ ಮೊದಲು ತಿಂಡಿಯ ಪುಟಗಳನ್ನು ವೈದ್ಯರ ಮುಂದೆ ತೆರೆಯಿರಿ. ಮುಂದಿನ ಪರೀಕ್ಷೆಯ ದಿನಾಂಕವನ್ನು ಅಲ್ಲೇ ಕೇಳಿಕೊಂಡು, ಹೊಸ ಪುಟದ ತುದಿಯಲ್ಲಿ ಬರೆದಿಟ್ಟುಕೊಂಡು ಬನ್ನಿ.